ವಿಮಾನಕ್ಕೂ ಒಂದು ಖಾತೆ ಪುಸ್ತಕ

ಮನೆಯಲ್ಲಿ ಗಾಳಿಪಟ ಕಟ್ಟುವವರನ್ನು ನೀವೆಲ್ಲ ನೋಡಿದ್ದೀರಿ. ವಿಮಾನ ಕಟ್ಟುವವರೂ ಇದ್ದಾರೆ, ಮಕ್ಕಳೇ! ಅಮೆರಿಕದಲ್ಲಿ ಅದಕ್ಕೆ ಕಾನೂನಿನಲ್ಲೇ ಅವಕಾಶವಿದೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ, ಕಲಿಯಲಿಕ್ಕಾಗಿ ಇಲ್ಲವೇ ಸಂತೋಷಕ್ಕಾಗಿ ಮಾಡಿರಬೇಕು. ಕಟ್ಟಿ ಮುಗಿದ ಮೇಲೆ ಪರಿಶೀಲನೆ ಆಗಬೇಕು. ಆಮೇಲೂ ಸಾಮಾನ್ಯವಾಗಿ 25 ಅಥವಾ 40 ಗಂಟೆಗಳ ಪರೀಕ್ಷಾ ಹಾರಾಟ ಮುಗಿಯುವ ತನಕ ಪ್ರಯಾಣಿಕರನ್ನು ಕೂರಿಸಿಕೊಳ್ಳುವಂತಿಲ್ಲ.

ಒಹಾಯೊ ರಾಜ್ಯದಲ್ಲಿರುವ ನನ್ನ ಅಳಿಯನಿಗೆ ಈ ಹುಚ್ಚು. ಐದಾರು ವರ್ಷ ರಜಾ ದಿನಗಳನ್ನೆಲ್ಲ ಅದಕ್ಕೇ ಸುರಿದು ಎರಡು ಸೀಟಿನ ವಿಮಾನ ಕಟ್ಟಿದ. ನಾನು ಮಗಳ ಮನೆಗೆ ಹೋದಾಗ ಉಳಿದಿದ್ದುದು ಇಂಧನದ ಕೆಲಸ. ನಾನೋ ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ನಟ್ಟು ಬೋಲ್ಟುಗಳ ವಿಷಯ ನನಗೇನು ತಿಳಿಯಬೇಕು? ಆದರೆ ಆ ಎರಡನೆಯ ಸೀಟು ಯಾರಿಗೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದು ಹನ್ನೊಂದು ವರ್ಷದ ನನ್ನ ಮೊಮ್ಮಗಳದು. ಹಾಗಾಗಿ ಒಂದೊಂದು ಕೊಳವೆಯನ್ನೂ ಏನು, ಏಕೆ ಎಂದು ಕೇಳುತ್ತಲೇ ಇದ್ದೆ.

ಆ ವಿಮಾನದಲ್ಲಿ ಮೂರು ಟ್ಯಾಂಕುಗಳು. ಒಡಲಿನಲ್ಲಿ 40 ಲೀಟರಿನ ಮುಖ್ಯ ಟ್ಯಾಂಕು, ಎರಡು ರೆಕ್ಕೆಗಳಲ್ಲಿ 30 ಲೀಟರಿನ ಒಂದೊಂದು. ಎಂಜಿನ್ ಕುಡಿಯುವುದು ಮುಖ್ಯ ಟ್ಯಾಂಕಿನಿಂದ ಮಾತ್ರ. ರೆಕ್ಕೆಗಳಲ್ಲಿರುವುದನ್ನು ಪಂಪು ಅಲ್ಲಿಗೆ ತಂದು ಸುರಿಯಬೇಕು. ಪೈಲಟ್‌ಗೆ ಮರೆತರೆ? ರೆಕ್ಕೆಯಲ್ಲಿ ಇಂಧನವಿದ್ದೂ ಎಂಜಿನ್ ನಿಂತೀತು. ಅದಕ್ಕೇ ಅಳಿಯ ಪಂಪು ತಾನಾಗಿಯೇ ನಡೆಯುವಂತೆ ಮಾಡಹೊರಟಿದ್ದ.

ನಮ್ಮ ಮನೆಗಳಲ್ಲಿ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೇರಿಸುವ ಆಟೊಮ್ಯಾಟಿಕ್ ಮೋಟಾರು ಇರುತ್ತದಲ್ಲ, ಇದೂ ಅದೇ ಉಪಾಯ. ಮುಖ್ಯ ಟ್ಯಾಂಕಿನಲ್ಲಿ ಇಂಧನ 20 ಲೀಟರಿಗೆ ಇಳಿದರೆ ಪಂಪು ಶುರು, 35ಕ್ಕೆ ಏರಿದರೆ ಬಂದ್. ನಡುವೆ ಇಷ್ಟು ಅಂತರ ಏಕೆ ಗೊತ್ತೇ? ಶುರುವಿನ ಗೆರೆಯೂ ನಿಲ್ಲುವ ಗೆರೆಯೂ ಹತ್ತಿರವಿದ್ದರೆ ಪಂಪು ಗಳಿಗೆಗೊಮ್ಮೆ ಹತ್ತಿ ಆರಿ ಬೇಗ ಕೆಡುತ್ತದೆ. ವಿಮಾನ ಓಲಾಡುವಾಗ ಇಂಧನವೂ ತುಳುಕುತ್ತದೆ, ಆದ್ದರಿಂದ ಮಟ್ಟ ಇಳಿದದ್ದು ನಿಜವೇ ಎಂದು ಯಂತ್ರ ಕೆಲವು ಸೆಕೆಂಡು ಕಾದು ನೋಡಬೇಕು. ಒಮ್ಮೆ ಎಡ ರೆಕ್ಕೆ, ಇನ್ನೊಮ್ಮೆ ಬಲ ರೆಕ್ಕೆ ಎಂದು ಸರದಿಯ ಮೇಲೆ ತೆಗೆಯಬೇಕು. ಏಕೆಂದರೆ 30 ಲೀಟರ್ ವಿಮಾನದ ಪೆಟ್ರೋಲೆಂದರೆ ಸುಮಾರು 22 ಕಿಲೋ ತೂಕ. ಅದೆಲ್ಲ ಒಂದೇ ಕಡೆ ಉಳಿದರೆ ವಿಮಾನ ಆ ಕಡೆಗೆ ವಾಲುತ್ತದೆ.

ಈ ಲೆಕ್ಕವನ್ನು ಕೈಯಿಂದಲೇ ನಡೆಸಿ ಜಗತ್ತನ್ನೇ ಸುತ್ತಿದವರಿದ್ದಾರೆ. 1986ರ ಡಿಸೆಂಬರ್ 14ರಂದು ಡಿಕ್ ರುಟಾನ್ ಮತ್ತು ಜೀನಾ ಯೇಗರ್ ಎಂಬ ಇಬ್ಬರು 'ವಾಯೇಜರ್' ವಿಮಾನದಲ್ಲಿ ಕ್ಯಾಲಿಫೋರ್ನಿಯಾದಿಂದ ಹೊರಟರು. ಎಲ್ಲೂ ಇಳಿಯದೆ, ನಡುವೆ ಇಂಧನ ತುಂಬಿಸಿಕೊಳ್ಳದೆ ಭೂಮಿಯನ್ನು ಒಂದು ಸುತ್ತು ಹಾಕಿ 23ರಂದು ಮರಳಿದರು. ಅದರಲ್ಲಿ 17 ಟ್ಯಾಂಕುಗಳಿದ್ದವು. ಯಾವುದರಿಂದ ಎಷ್ಟು ತೆಗೆದೆವೆಂದು ಬರೆದಿಡುತ್ತಲೇ ಸಾಗಬೇಕಿತ್ತು. ಹೊರಡುವಾಗ 3,000 ಕಿಲೋಗೂ ಮೀರಿದ್ದ ಇಂಧನ, ಇಳಿದಾಗ 50 ಕಿಲೋದಷ್ಟೂ ಉಳಿದಿರಲಿಲ್ಲ!

ಇದನ್ನು ಕೇಳಿದ ಮೇಲೆ ನನಗೆ ನನ್ನ ಕೆಲಸ ಸಿಕ್ಕಿತು. ಟ್ಯಾಂಕಿನಿಂದ ಟ್ಯಾಂಕಿಗೆ ಇಂಧನ ಹೋಗುವುದೆಂದರೆ ಒಂದು ಖಾತೆಯಿಂದ ಇನ್ನೊಂದಕ್ಕೆ ಹಣ ವರ್ಗಾಯಿಸಿದಂತೆಯೇ ಅಲ್ಲವೆ? ಒಂದು ನೋಟ್‌ಬುಕ್ ತಂದು ಮೂರು ಖಾತೆ ತೆರೆದೆ. ಊರಾಚೆಯ ಸಣ್ಣ ವಿಮಾನ ನಿಲ್ದಾಣದ ಹ್ಯಾಂಗರಿನಲ್ಲಿ ಪರೀಕ್ಷೆ. ಅಳಿಯ ಅಳತೆಕೋಲು ಇಳಿಸಿ ಹೇಳುವುದು, ನಾನು ಬರೆದುಕೊಳ್ಳುವುದು. ಬೆಂಕಿ ಆರಿಸುವ ಸಿಲಿಂಡರು ಪಕ್ಕದಲ್ಲೇ ಇರುತ್ತಿತ್ತು. ಮಕ್ಕಳಿಗೆ ಹತ್ತಿರ ಪ್ರವೇಶವಿರಲಿಲ್ಲ.

ಪಂಪು ಹೇಳಿದಂತೆ ಕೇಳಿತು. 20ಕ್ಕೆ ಶುರುವಾಯಿತು, 35ಕ್ಕೆ ನಿಂತಿತು. ಸಂಜೆಯ ಬಾಕಿ ಬರೆದೆ: ಮುಖ್ಯ 35, ಎಡ 12, ಬಲ 13, ಒಟ್ಟು 60. ಅಳಿಯನಿಗೆ ಖುಷಿಯೋ ಖುಷಿ.

ಬ್ಯಾಂಕಿನಲ್ಲಿ ನಿನ್ನೆ ಸಂಜೆಯ ಬಾಕಿಯೇ ಇಂದು ಬೆಳಗಿನ ಬಾಕಿ. ಹಾಗೆಂದು ಯಾರೂ ಎಣಿಸದೆ ಪೆಟ್ಟಿಗೆ ತೆಗೆದುಕೊಳ್ಳುವುದಿಲ್ಲ. ಮರುದಿನ ಬೆಳಿಗ್ಗೆ ಮತ್ತೊಮ್ಮೆ ಅಳೆಯೋಣ ಎಂದೆ. ಮುಖ್ಯ 31, ಎಡ 16, ಬಲ 13.

"ಒಟ್ಟು 60 ಸರಿಯಾಗಿಯೇ ಇದೆಯಲ್ಲ ಮಾವ, ಎಲ್ಲೂ ಸೋರಿಲ್ಲ" ಎಂದ ಅಳಿಯ.

"ಒಟ್ಟು ಸರಿ ಕಣಪ್ಪ. ಆದರೆ ಒಬ್ಬರ ಖಾತೆಯ ಹಣ ಇನ್ನೊಬ್ಬರ ಖಾತೆಯಲ್ಲಿ ಕೂತಿದೆ. ಚೀಟಿ ಬರೆದವರು ಯಾರು?"

ಅವನ ಮುಖ ಗಂಭೀರವಾಯಿತು. ವಿಮಾನದ ಕೆಳಗೆ ನುಸುಳಿ ಬಹಳ ಹೊತ್ತು ನೋಡಿದ. ರೆಕ್ಕೆಯ ಟ್ಯಾಂಕು ಮುಖ್ಯ ಟ್ಯಾಂಕಿಗಿಂತ ತಗ್ಗಿನಲ್ಲಿತ್ತು. ಕೊಳವೆ ಮುಖ್ಯ ಟ್ಯಾಂಕಿನ ತಳಕ್ಕೆ ಸೇರಿತ್ತು. ನಿಂತ ಪಂಪಿನೊಳಗಿಂದಲೇ ಇಂಧನ ರಾತ್ರಿಯೆಲ್ಲ ಮೆಲ್ಲಗೆ ಹಿಂದಕ್ಕೆ ಹರಿದಿತ್ತು. ಆಕಾಶದಲ್ಲಿ ಪಂಪು ಕೆಟ್ಟಿದ್ದರೆ? ಎಂಜಿನ್ನಿನ ಪಾಲಿನದು ರೆಕ್ಕೆಗೆ ಇಳಿದುಹೋಗುತ್ತಿತ್ತು, ಮರಳಿ ತರುವ ದಾರಿ ಇರುತ್ತಿರಲಿಲ್ಲ.

ನಮ್ಮ ತೋಟದ ಬಾವಿಯ ಪಂಪಿಗೆ ಫುಟ್‌ವಾಲ್ವ್ ಹಾಕುತ್ತೇವಲ್ಲ, ಮೇಲೇರಿದ ನೀರು ಹಿಂದಕ್ಕೆ ಬಾರದಿರಲೆಂದು? ಅಂಥದೇ ಒಮ್ಮುಖ ವಾಲ್ವನ್ನು ಅಳಿಯ ಎರಡೂ ಕೊಳವೆಗಳಿಗೆ ಹಾಕಿದ. ಕೊಳವೆಯ ಬಾಯನ್ನು ಟ್ಯಾಂಕಿನ ತಳದಿಂದ ಮೇಲ್ಭಾಗಕ್ಕೆ ತಂದ. ಪಂಪು ನಿಮಿಷಕ್ಕೆ 2 ಲೀಟರ್ ತಳ್ಳುವುದರಿಂದ 15 ಲೀಟರಿಗೆ 7.5 ನಿಮಿಷ ಸಾಕು. 10 ನಿಮಿಷ ಕಳೆದರೂ ಅದು ನಿಲ್ಲದಿದ್ದರೆ ಪೈಲಟ್ ಎದುರು ಕೆಂಪು ದೀಪ ಹೊತ್ತಿಕೊಳ್ಳುವಂತೆ ಮಾಡಿದ. ಯಂತ್ರ ಕೈಕೊಟ್ಟರೆ ಪಂಪನ್ನು ನೇರವಾಗಿ ನಡೆಸಲು, ನಿಲ್ಲಿಸಲು ಬೇರೆ ಸ್ವಿಚ್ಚುಗಳನ್ನೂ ಇಟ್ಟ. ಆಮೇಲೆ ಏಳು ಬೆಳಿಗ್ಗೆ ಅಳೆದೆವು. ಏಳು ದಿನವೂ ಮೂರೂ ಖಾತೆಗಳು ತಾಳೆಯಾದವು.

ಪರಿಶೀಲನೆ, ಪರೀಕ್ಷಾ ಹಾರಾಟಗಳೆಲ್ಲ ಮುಗಿಯುವಷ್ಟರಲ್ಲಿ ನಾನು ಊರಿಗೆ ಮರಳಿದ್ದೆ. ಮೊಮ್ಮಗಳು ಮೊದಲ ಸಲ ಹಾರಿದ ದಿನ ಫೋನಿನಲ್ಲಿ ಒಂದು ಚಿತ್ರ ಬಂತು. ನನ್ನ ನೋಟ್‌ಬುಕ್ಕಿನ ಹೊಸ ಪುಟ, ಅವಳದೇ ದುಂಡನೆಯ ಅಕ್ಷರ. ಹೊರಡುವ ಮುಂಚಿನ ಬಾಕಿ, ಇಳಿದ ಮೇಲಿನ ಬಾಕಿ, ನಡುವೆ ಎಂಜಿನ್ನಿನ ಖರ್ಚು. ಕೆಳಗೆ ಅಪ್ಪ ಮಗಳು ಇಬ್ಬರ ಸಹಿ.

ಮಕ್ಕಳೇ, ನಿಮ್ಮ ಮನೆಯ ಮೋಟಾರು ತಾನಾಗಿ ನಿಲ್ಲುವಂಥದಾದರೆ, ಅಜ್ಜನನ್ನೋ ಅಜ್ಜಿಯನ್ನೋ ಜೊತೆಗೆ ಕರೆದುಕೊಂಡು ಒಂದು ವಾರ ಅದರ ಲೆಕ್ಕ ಬರೆದು ನೋಡಿ. ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ನಿಮಿಷ ನಡೆಯಿತು ಎಂದು ಬರೆದರೆ ಸಾಕು. ಒಂದು ದಿನ ನಿಮಿಷಗಳು ಹೆಚ್ಚಾದರೆ ಎಲ್ಲೋ ನಲ್ಲಿ ಸೋರುತ್ತಿರಬಹುದು. ಅದನ್ನು ಯಂತ್ರ ಹೇಳುವುದಿಲ್ಲ, ನಿಮ್ಮ ಪುಸ್ತಕ ಹೇಳುತ್ತದೆ.