ಬಾಂಡ್ ಸುಟ್ಟ ಹೋಟೆಲು, ನಕ್ಷತ್ರ ನೋಡುವವರ ಬಿಡಾರ

ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಅಂತೊಫಗಾಸ್ತಾ ಎಂಬ ಬಂದರು ಪಟ್ಟಣವಿದೆ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 120 ಕಿ.ಮೀ. ಸಾಗಿದರೆ ಅಟಕಾಮಾ ಮರುಭೂಮಿಯ ಪರನಾಲ್ ಬೆಟ್ಟ ಎದುರಾಗುತ್ತದೆ. ದಾರಿಯುದ್ದಕ್ಕೂ ಕೆಂಪು ಮಣ್ಣು, ಕಲ್ಲು, ಮತ್ತೆ ಕೆಂಪು ಮಣ್ಣು. ಹೆಸರಿಗೊಂದು ಹುಲ್ಲುಕಡ್ಡಿಯೂ ಇಲ್ಲ. 2635 ಮೀಟರ್ ಎತ್ತರದ ನೆತ್ತಿಯ ಮೇಲೆ ಐರೋಪ್ಯ ದೇಶಗಳು ಕೂಡಿ ನಿಲ್ಲಿಸಿದ ನಾಲ್ಕು ಮಹಾ ದೂರದರ್ಶಕಗಳಿವೆ. ಒಂದೊಂದರ ಕನ್ನಡಿಯ ಅಗಲ 8.2 ಮೀಟರ್; ನಮ್ಮ ಶಾಲೆಗಳ ತರಗತಿ ಕೋಣೆಯಲ್ಲಿ ಅದು ಹಿಡಿಸದು.

ಜೇಮ್ಸ್ ಬಾಂಡ್ ಸಿನಿಮಾ ನೋಡಿದವರಿಗೆ ಈ ಬೆಟ್ಟದ ತಪ್ಪಲು ಪರಿಚಿತ. 2008ರಲ್ಲಿ ಬಂದ ‘ಕ್ವಾಂಟಮ್ ಆಫ್ ಸೊಲೇಸ್’ ಚಿತ್ರದ ಕೊನೆಯಲ್ಲಿ ಸ್ಫೋಟಗೊಂಡು ಉರಿಯುವ ಮರುಭೂಮಿಯ ಹೋಟೆಲು ಇಲ್ಲಿಯದೇ. ನಿಜದಲ್ಲಿ ಅದು ಹೋಟೆಲಲ್ಲ. ರಾತ್ರಿಯೆಲ್ಲ ಆಕಾಶ ನೋಡಿ ಹಗಲು ಮಲಗುವ ಖಗೋಳ ವಿಜ್ಞಾನಿಗಳ, ಎಂಜಿನಿಯರುಗಳ ವಸತಿಗೃಹ. ಹೆಸರು ‘ರೆಸಿಡೆನ್ಸಿಯಾ’.

ಈ ಚಿತ್ರ 2006ರ ‘ಕ್ಯಾಸಿನೊ ರಾಯಲ್’ನ ನೇರ ಮುಂದುವರಿಕೆ. ಅಲ್ಲಿ ವೆನಿಸ್ ನಗರದ ನೀರಿನಲ್ಲಿ ಪ್ರಿಯತಮೆಯನ್ನು ಕಳೆದುಕೊಂಡ ಬಾಂಡ್ ಇಲ್ಲಿ ಆ ಕಹಿಯನ್ನು ಹೊತ್ತು ತಿರುಗುತ್ತಾನೆ. ಮೊದಲ ಚಿತ್ರ 144 ನಿಮಿಷ, ಎರಡನೆಯದು 106. ಮೊದಲ ಚಿತ್ರ ಇಸ್ಪೀಟಿನ ಮೇಜಿನ ಸುತ್ತ ನಮ್ಮನ್ನು ಬಹಳ ಹೊತ್ತು ಕೂರಿಸಿ, ಎದುರಾಳಿಯ ಕಣ್ಣು ಮಿಟುಕುವುದನ್ನೂ ಗಮನಿಸುವಂತೆ ಮಾಡುತ್ತದೆ. ಎರಡನೆಯದು ಇಟಲಿ, ಹೈಟಿ, ಆಸ್ಟ್ರಿಯಾ, ಬೊಲಿವಿಯಾ ಎಂದು ಓಡುತ್ತಲೇ ಇರುತ್ತದೆ. ಹೊಡೆದವನಾರು, ಬಿದ್ದವನಾರು ಎಂದು ತಿಳಿಯುವ ಮೊದಲೇ ದೃಶ್ಯ ಮುಗಿದಿರುತ್ತದೆ. ಹಾಲಿವುಡ್ ಬರಹಗಾರರು ಆಗ ಮುಷ್ಕರ ಹೂಡಿದ್ದರಿಂದ ಚಿತ್ರಕಥೆ ಅರೆಬೆಂದಂತೆಯೇ ಚಿತ್ರೀಕರಣ ಶುರುವಾಯಿತು. ನಾಯಕ ಡೇನಿಯಲ್ ಕ್ರೇಗ್ ಮತ್ತು ನಿರ್ದೇಶಕ ಮಾರ್ಕ್ ಫಾರ್ಸ್ಟರ್ ತಾವೇ ದೃಶ್ಯಗಳನ್ನು ತಿದ್ದಿಕೊಳ್ಳಬೇಕಾಯಿತು. ಅಣ್ಣನ ಅಂಗಿ ತಮ್ಮನಿಗೆ ದೊಡ್ಡದಾಯಿತು ಎನ್ನದೆ ವಿಧಿಯಿಲ್ಲ.

ಆದರೆ ಮರುಭೂಮಿಗೆ ಬಂದಾಗ ಚಿತ್ರಕ್ಕೆ ಉಸಿರು ಮರಳುತ್ತದೆ. ಇಲ್ಲಿ ಖಳನ ಕಣ್ಣು ಎಣ್ಣೆಯ ಮೇಲಲ್ಲ, ನೀರಿನ ಮೇಲೆ. ನೆಲದಡಿಯ ನೀರನ್ನು ಕಟ್ಟಿಹಾಕಿ ಒಂದು ದೇಶವನ್ನೇ ಬಾಯಾರಿಸುವ ಹುನ್ನಾರ. ಕೊನೆಗೆ ಬಾಂಡ್ ಅವನನ್ನು ನಡು ಮರುಭೂಮಿಯಲ್ಲಿ ಇಳಿಸಿ, ಕುಡಿಯಲು ಎಂಜಿನ್ ಆಯಿಲಿನ ಡಬ್ಬಿ ಕೊಟ್ಟು ಹೋಗುತ್ತಾನೆ. ಮೊದಲ ಚಿತ್ರಕ್ಕೆ ಸರಿಸಾಟಿಯಾಗಿ ನಿಲ್ಲುವ ದೃಶ್ಯ ಇದೊಂದೇ. ಅದರ ಅರ್ಧ ಕೆಲಸವನ್ನು ಆ ಒಣ ನೆಲವೇ ಮಾಡಿದೆ. ಪರನಾಲ್‌ನಲ್ಲಿ ವರ್ಷಕ್ಕೆ 10 ಮಿ.ಮೀ. ಮಳೆಯೂ ಬೀಳದು. ವಸತಿಗೃಹಕ್ಕೆ ನೀರು ಬರುವುದು ಟ್ಯಾಂಕರ್ ಲಾರಿಯಲ್ಲಿ.

ಹೋಟೆಲು ಉರಿಯುವುದಕ್ಕೆ ಚಿತ್ರ ಕೊಡುವ ಕಾರಣ ಹೈಡ್ರೋಜನ್ ಇಂಧನಕೋಶ. ಶುದ್ಧ ಹೈಡ್ರೋಜನ್ನಿನ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ ಎಂದು ವಿದ್ಯಾರ್ಥಿಗಳು ತಕರಾರು ತೆಗೆಯಬಹುದು. ತೆರೆಯ ಮೇಲಿನ ಹಳದಿ ಬೆಂಕಿ ಕುರ್ಚಿ ಮಂಚಗಳದ್ದೆಂದು ಸಮಾಧಾನ ಹೇಳೋಣ! ಒಳಾಂಗಣವನ್ನು ಲಂಡನ್ ಬಳಿಯ ಪೈನ್‌ವುಡ್ ಸ್ಟುಡಿಯೋದಲ್ಲಿ ಕಟ್ಟಿ ಸುಟ್ಟರು. ನಿಜವಾದ ಕಟ್ಟಡಕ್ಕೆ ಕಿಡಿಯೂ ತಾಗಲಿಲ್ಲ.

ತಾಗದಿದ್ದದ್ದೇ ಒಳ್ಳೆಯದಾಯಿತು, ಏಕೆಂದರೆ ಬೆಳಕನ್ನು ಹೊರಗೆ ಬಿಡದಿರುವುದೇ ಈ ಕಟ್ಟಡದ ವ್ರತ. 2002ರಲ್ಲಿ ಮುಗಿದ ಇದು ಇಳಿಜಾರಿನಲ್ಲಿ ನೆಲದೊಳಗೆ ಹುದುಗಿದೆ. ಗೋಡೆಯ ಕಾಂಕ್ರೀಟಿಗೂ ಮರುಭೂಮಿಯ ಕೆಂಪು ಬಣ್ಣವೇ. ನಡುವೆ 35 ಮೀಟರ್ ಅಗಲದ ಗುಮ್ಮಟ, ಅದರಡಿ ಹಸಿರು ತೋಟ ಮತ್ತು ಈಜುಕೊಳ. ಇವು ಐಷಾರಾಮಕ್ಕಲ್ಲ, ಚರ್ಮ, ಗಂಟಲು ಒಡೆಯುವಷ್ಟು ಒಣಗಿದ ಗಾಳಿಗೆ ತೇವ ಕೊಡಲು. ಕತ್ತಲಾದೊಡನೆ ಗುಮ್ಮಟಕ್ಕೆ ಒಳಗಿನಿಂದ ಮುಸುಕು, ಕಿಟಕಿಗಳಿಗೆ ಪರದೆ. ನಮ್ಮ ಆಕಾಶಗಂಗೆಯ ನಡುವಿನ ದೈತ್ಯ ಕಪ್ಪು ಕುಳಿಯ ಸುತ್ತ ನಕ್ಷತ್ರಗಳು ಸುತ್ತುವುದನ್ನು ವರ್ಷಗಟ್ಟಲೆ ಅಳೆದ ರೈನ್‌ಹಾರ್ಡ್ ಗೆಂಜೆಲ್ ಅವರ ತಂಡ ಬಳಸಿದ್ದು ಇಲ್ಲಿಯ ದೂರದರ್ಶಕಗಳನ್ನೇ. ಅವರಿಗೆ 2020ರಲ್ಲಿ ನೊಬೆಲ್ ಬಂತು.

ಚಿತ್ರ ಈ ನೆಲವನ್ನು ಬೊಲಿವಿಯಾ ಎಂದು ತೋರಿಸುತ್ತದೆ. 1879ರಲ್ಲಿ ಆರಂಭವಾದ ಯುದ್ಧಕ್ಕೆ ಮೊದಲು ಅಂತೊಫಗಾಸ್ತಾ ಕರಾವಳಿ ಬೊಲಿವಿಯಾದ್ದಾಗಿತ್ತು. ಗಾಯ ಇನ್ನೂ ಮಾಸಿಲ್ಲ. ಚಿತ್ರೀಕರಣದ ವೇಳೆ ಆ ಪ್ರಾಂತ್ಯದ ಒಬ್ಬ ಮೇಯರ್ ಸಿಟ್ಟಿನಿಂದ ತನ್ನ ಕಾರನ್ನು ಸೆಟ್ಟಿನೊಳಕ್ಕೇ ನುಗ್ಗಿಸಿದ. ಚಿತ್ರದ ಯಾವ ಕಾರು ಓಟಕ್ಕಿಂತಲೂ ಅದೇ ಹೆಚ್ಚು ಸಾಚಾ.