ಬಾಟಲಿಯೊಳಗಿನ ಕೆಂಪು

ಸ್ಟಾಕ್‌ಹೋಮ್, ಡಿಸೆಂಬರ್

ಪ್ರೀತಿಯ ಅಕ್ಕಾ,

ಇಲ್ಲೀಗ ಮಧ್ಯಾಹ್ನ ಮೂರಕ್ಕೆಲ್ಲ ಕತ್ತಲು. ಪ್ರಯೋಗಾಲಯದಲ್ಲಿ ಹಳೇ ಕಾಲದ ತಂತಿ ಬಲ್ಬಿನೆದುರು ಒಂದು ಗಾಜಿನ ಬಾಟಲಿ ಇಟ್ಟಿದ್ದೆ. ಸೋಮವಾರ ತಿಳಿನೀರಿನಂತಿತ್ತು. ಇವತ್ತು ನೋಡಿದರೆ ಅಮ್ಮ ಮಾಡುವ ಮುರುಗಲು ಪಾನಕದ ಬಣ್ಣ! ಮೊದಲು ನಿನಗೇ ಹೇಳಬೇಕು ಅನ್ನಿಸಿತು.

ಒಳಗಿರುವುದು ರೋಡೋಸ್ಪಿರಿಲ್ಲಮ್ ರುಬ್ರಮ್ ಎಂಬ ಬ್ಯಾಕ್ಟೀರಿಯಾ. ಬೆಳಕು, ನೀರು, ಇಂಗಾಲದ ಡೈಆಕ್ಸೈಡ್ ಸೇರಿದರೆ ಸಕ್ಕರೆ, ಜೊತೆಗೆ ಆಮ್ಲಜನಕ ಎಂದು ದ್ಯುತಿಸಂಶ್ಲೇಷಣೆಯನ್ನು ನೀನೇ ನನಗೆ ಬಾಯಿಪಾಠ ಮಾಡಿಸಿದ್ದೆಯಲ್ಲ? ಇದು ಆ ಸಾಲಿಗೆ ಒಗ್ಗುವುದಿಲ್ಲ. ನೀರನ್ನು ಒಡೆಯುವುದಿಲ್ಲ, ಆಮ್ಲಜನಕ ಬಿಡುವುದಿಲ್ಲ. ನಾನು ಹಾಕಿದ್ದು ಸೇಬಿಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲ. ಮೈ ಕಟ್ಟಿಕೊಳ್ಳುವ ಇಂಗಾಲ ಬಹುಪಾಲು ಅದರಿಂದ, ಕಟ್ಟುವ ಶಕ್ತಿ ಬೆಳಕಿನಿಂದ. ನಾವು ಉಂಡದ್ದರಲ್ಲಿ ಬಹಳಷ್ಟನ್ನು ಶಕ್ತಿಗಾಗಿಯೇ ಸುಡುತ್ತೇವೆ. ಇದಕ್ಕೆ ಆ ಖರ್ಚಿಲ್ಲ, ಉಂಡದ್ದು ಹೆಚ್ಚುಕಡಿಮೆ ಮೈಗೇ ಹತ್ತುತ್ತದೆ.

ಗಾಳಿಯಾಡುವ ಫ್ಲಾಸ್ಕಿನಲ್ಲಿ, ಕತ್ತಲಲ್ಲಿಟ್ಟರೂ ಬೆಳೆಯುತ್ತದೆ, ನಮ್ಮ ಹಾಗೆ ಉಸಿರಾಡಿಕೊಂಡು. ಆದರೆ ಬಿಳಿಚಿಕೊಂಡಿರುತ್ತದೆ. ಆಮ್ಲಜನಕ ಧಾರಾಳವಾಗಿ ಸಿಕ್ಕರೆ ಬಣ್ಣ ತಯಾರಿಸುವ ಗೋಜಿಗೇ ಹೋಗುವುದಿಲ್ಲ. ಅದಕ್ಕೇ ಬಾಟಲಿಯನ್ನು ಕಂಠಮಟ್ಟ ತುಂಬಿ ಮುಚ್ಚಳ ಬಿಗಿಯುವುದು. ಬಲ್ಬಿಗೂ ಕಾರಣವಿದೆ: ಇದು ಚೆನ್ನಾಗಿ ಹೀರುವುದು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು, ಸುಮಾರು 880 ನ್ಯಾನೋಮೀಟರಿನದು. ಬಿಳಿ ಎಲ್‌ಇಡಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

ಈ ಊರಿಗೂ ಈ ಜೀವಿಗೂ ಹಳೇ ನಂಟು. ಇದರ ಪೊರೆಗಳು ಬೆಳಕಿನಲ್ಲಿ ಜೀವಕೋಶಗಳ ಶಕ್ತಿಯ ನಾಣ್ಯವಾದ ಎಟಿಪಿಯ ಜೊತೆಗೆ ಇನ್ನೂ ಸರಳವಾದ ಪೈರೋಫಾಸ್ಫೇಟನ್ನೂ ಕಟ್ಟುತ್ತವೆ ಎಂದು ಹೆರಿಕ್ ಬಾಲ್ಚೆಫ್ಸ್ಕಿ ಮತ್ತು ಸಂಗಡಿಗರು 1966ರಲ್ಲಿ ತೋರಿಸಿದರು. ಜೀವದ ಆದಿಯಲ್ಲಿ ಎಟಿಪಿಗಿಂತ ಮೊದಲು ಇದೇ ಚಲಾವಣೆಯಲ್ಲಿತ್ತೇ? ಆ ಪ್ರಶ್ನೆಯನ್ನು ಅವರೂ ಮಾರ್ಗರೆಟಾ ಬಾಲ್ಚೆಫ್ಸ್ಕಿಯವರೂ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದಲ್ಲಿ ವರ್ಷಾನುಗಟ್ಟಲೆ ಬೆನ್ನುಹತ್ತಿದರು. ಆ ಹಟ ನನಗೆ ತುಂಬ ಇಷ್ಟ.

ಈ ಬಾಟಲಿ ನೋಡಿದಾಗ ಅನ್ನಿಸುತ್ತದೆ, ಬೆಳಕು ಹಿಡಿಯುವುದು ಒಂದು ಕೆಲಸ, ಇಂಗಾಲ ಸಂಪಾದಿಸುವುದು ಇನ್ನೊಂದು. ನಮ್ಮ ಪಾಠಗಳು ಎರಡನ್ನೂ ಒಂದೇ ಗಂಟು ಕಟ್ಟಿಬಿಟ್ಟಿವೆ, ಅದು ತಪ್ಪೇ ಅಕ್ಕಾ.

ನಿನ್ನ ಪಿಯು ಮಕ್ಕಳಿಗೆ ಒಂದು ಕೆಲಸ ಹಚ್ಚು. ಗದ್ದೆಯ ಕೆಸರು, ಹರಿದ ಕಾಗದದ ಚೂರು, ಬೇಯಿಸಿದ ಮೊಟ್ಟೆಯ ಸ್ವಲ್ಪ ಹಳದಿ ಬೆರೆಸಿ, ಗಾಜಿನ ಭರಣಿಗೆ ಹಾಕಿ, ಮೇಲೆ ಕೆರೆನೀರು ತುಂಬಿ ಮುಚ್ಚಿ ಕಿಟಕಿಯಲ್ಲಿಡಲಿ. ಕೆಲವು ವಾರ ಕಾಯಬೇಕು. ಗಾಜಿನ ಮೇಲೆ ಇಂಥ ಬ್ಯಾಕ್ಟೀರಿಯಾಗಳ ಕೆಂಪು ತೇಪೆ ಕಂಡ ದಿನ ಫೋಟೋ ಕಳಿಸು.

ನಿನ್ನ ತಂಗಿ