ತೀರ್ಥಹಳ್ಳಿ ದಾರಿಯ ನೀಲಿ ಗೊನೆಗಳು

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆ ತುಂಗೆಯ ಮಗ್ಗುಲಲ್ಲೇ ಸಾಗುತ್ತದೆ. ಸಕ್ರೆಬೈಲಿನ ಆನೆಗಳನ್ನೋ, ಮಂಡಗದ್ದೆಯಲ್ಲಿ ಹೊಳೆ ನಡುವಿನ ಮರಗಳ ತುಂಬ ಗೂಡು ಕಟ್ಟುವ ಹಕ್ಕಿಗಳನ್ನೋ ನೋಡಲು ಜನ ಈ ದಾರಿ ಹಿಡಿಯುತ್ತಾರೆ. ನಾನು ಹೊರಟಿದ್ದು ಒಂದು ರೋಗವನ್ನು ನೋಡಲು. ಪುನರ್ವಸು ಮಳೆ ಹಿಡಿದಿತ್ತು; ಅಡಿಕೆಗೆ ಕೊಳೆ ಬೀಳುವ ಕಾಲ.

ತೋಟವೊಂದಕ್ಕೆ ಇಳಿಯುತ್ತಿದ್ದಂತೆ ಅದರ ಯಜಮಾನರಾದ ಗೌಡರು ಬಗ್ಗಿ ನೆಲದಿಂದ ಒಂದು ಹಸಿ ಅಡಿಕೆ ಹೆಕ್ಕಿ ನನ್ನ ಅಂಗೈಯಲ್ಲಿಟ್ಟರು. "ತೊಟ್ಟಿನ ಹತ್ರ ನೋಡಿ ಮಾರಾಯ್ರೆ." ತೊಟ್ಟಿನಿಂದ ಕಳಚಿಬಿದ್ದ ಕಾಯಿ ಅದು. ಬುಡದಲ್ಲಿ ಕಡುಹಸಿರಿನ, ನೀರು ಕುಡಿದಂಥ ಕಲೆ. ಅದು ಹಬ್ಬಿದ ಕಡೆಯೆಲ್ಲ ಕಾಯಿಯ ಹೊಳಪು ಹೋಗಿತ್ತು. ಪಕ್ಕದಲ್ಲಿ ಬಿದ್ದಿದ್ದ ಇನ್ನೊಂದನ್ನು ಬಿಳಿಯ ಬೂಸ್ಟು ಪೂರ್ತಿ ಮುಚ್ಚಿತ್ತು. ತಲೆಯೆತ್ತಿ ನೋಡಿದರೆ ಆ ಮರದ ಗೊನೆಯಲ್ಲಿ ಅರ್ಧದಷ್ಟು ಕಾಯಿಯೂ ಉಳಿದಿರಲಿಲ್ಲ. ಆಚೆ ಮರದ ಗೊನೆ ಮಾತ್ರ ತುಂಬಿಕೊಂಡು, ತಿಳಿನೀಲಿ ಬಣ್ಣ ಮೆತ್ತಿಸಿಕೊಂಡು ತೂಗುತ್ತಿತ್ತು.

ಗೌಡರ ಮಗಳು ಸಸ್ಯರೋಗ ಶಾಸ್ತ್ರ ಓದುತ್ತಿದ್ದಾಳೆ, ರಜಕ್ಕೆ ಬಂದಿದ್ದಳು. ಜಗಲಿಯ ಮೇಲೆ ಸೂಕ್ಷ್ಮದರ್ಶಕ ಇಟ್ಟು, ಆ ಬಿಳಿ ಬೂಸ್ಟನ್ನು ಸೂಜಿಮೊನೆಯಲ್ಲಿ ಎತ್ತಿ, ತಣ್ಣನೆ ನೀರಿನ ಹನಿಯೊಂದಕ್ಕೆ ಬಿಟ್ಟಳು. ಮೊದಲು ಕಂಡದ್ದು ಎಳೆಗಳ ತುದಿಯಲ್ಲಿ ನಿಂಬೆಹಣ್ಣಿನಾಕಾರದ ಪುಟ್ಟ ಚೀಲಗಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಚೀಲದ ತುದಿ ತೆರೆಯಿತು, ಒಳಗಿನಿಂದ ಚುಕ್ಕಿಗಳು ಹೊರನುಗ್ಗಿ ಈಜತೊಡಗಿದವು! ಗಿರ್ರನೆ ತಿರುಗುತ್ತ, ಡಿಕ್ಕಿ ಹೊಡೆದು ದಿಕ್ಕು ಬದಲಿಸುತ್ತ, ಆ ಒಂದು ಹನಿಯನ್ನೇ ಸಮುದ್ರ ಮಾಡಿಕೊಂಡು. ಉಸಿರು ಬಿಗಿಹಿಡಿದು ನೋಡಿದೆ. ಒಂದೊಂದಕ್ಕೂ ಎರಡೆರಡು ಬಾಲಗಳಂತೆ. ಹೆಸರು ಫೈಟಾಫ್ತೋರ. ಬೂಸ್ಟಿನಂತೆ ಕಂಡರೂ ಇದು ನಿಜವಾದ ಶಿಲೀಂಧ್ರವಲ್ಲ, ಕಂದು ಪಾಚಿಗಳ ದೂರದ ನೆಂಟ. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯನ್ನು ಕೊಳೆಸಿ, ದೊಡ್ಡ ಕ್ಷಾಮಕ್ಕೆ ಕಾರಣವಾದದ್ದು ಇದೇ ಕುಲದ ಇನ್ನೊಂದು ಜೀವಿ.

ಮಲೆನಾಡಿನ ಮಳೆ ಇದಕ್ಕೆ ಯಾಕಷ್ಟು ಹಿತ ಎಂಬುದು ಆಗ ಅರ್ಥವಾಯಿತು. ಕಾಯಿಯ ಮೇಲೆ ನೀರಿನ ತೆಳುಪದರ ನಿಂತರೆ ಸಾಕು, ಅದು ಈಜಿ ದಾರಿ ಹುಡುಕಿಕೊಳ್ಳುತ್ತದೆ. ಒಂದೇ ಸಮನೆ ಸುರಿಯುವ ಮಳೆ, ನಡುನಡುವೆ ಇಣುಕುವ ಬಿಸಿಲು, ಗಾಳಿಗೆ ಹಾರುವ ಹನಿಗಳು ಇವೆಲ್ಲ ಸೇರಿದರೆ ಗೊನೆಯಿಂದ ಗೊನೆಗೆ ಹಬ್ಬುತ್ತದೆ. ಹಿಂದಿನವರು ಗೊನೆಗಳಿಗೆ ಮಳೆ ತಾಗದಂತೆ ಕೊಟ್ಟೆಯ ಹೊದಿಕೆ ಕಟ್ಟುತ್ತಿದ್ದರು. ಕಣ್ಣಿಗೆ ಕಾಣದ ಜೀವಿಯ ಸುದ್ದಿಯೇ ಗೊತ್ತಿರದ ಕಾಲದಲ್ಲಿ, ಕಾಯಿ ನೆನೆಯಬಾರದು ಎಂಬಷ್ಟನ್ನು ಅವರು ನೋಡಿಯೇ ಕಂಡುಕೊಂಡಿದ್ದರು. ಇದಕ್ಕಿಂತ ದೊಡ್ಡ ರೋಗಪರೀಕ್ಷೆ ಯಾವುದಿದೆ?

ನೀಲಿ ಬಣ್ಣದ ಕತೆ ಬೇರೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲಿ ಎಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತವೆಂಬ ತಾಮ್ರದ ಲವಣ, ಸುಣ್ಣ ಕಲಸಿ ಎರಚುತ್ತಿದ್ದರು. ಉಳಿದ ಬಳ್ಳಿಗಳು ಬೂಜುರೋಗಕ್ಕೆ ಎಲೆ ಉದುರಿಸಿಕೊಂಡು ನಿಂತಾಗ ಇವು ಮಾತ್ರ ಹಸಿರಾಗಿದ್ದವು. ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ಡೆ ಅದನ್ನು ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಲೋಕಕ್ಕೆ ತಿಳಿಸಿದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆಯನ್ನು ಅಧ್ಯಯನ ಮಾಡಿ, 1910ರಲ್ಲಿ ಅದರ ಬಗ್ಗೆ ಬರೆದು, ಅದೇ ದ್ರಾವಣವನ್ನು ಅಡಿಕೆ ಗೊನೆಗೆ ಹತ್ತಿಸಿದರು. ದ್ರಾಕ್ಷಿಗೆ ಹುಟ್ಟಿದ ಮದ್ದು ತುಂಗೆಯ ದಂಡೆಯಲ್ಲಿ ಮನೆಮಾತಾಗಿದೆ.

ಮಧ್ಯಾಹ್ನ ಮಳೆ ಹೊಳವಾಯಿತು. ತಕ್ಷಣ ತೋಟದಲ್ಲಿ ಗಡಿಬಿಡಿ. ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಐವತ್ತು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಇನ್ನೊಂದರಲ್ಲಿ ಅಷ್ಟೇ ನೀರಿಗೆ ಒಂದು ಕಿಲೋ ಸುಣ್ಣ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತ ಕಲಕಿದಾಗ ಎದ್ದ ಆ ನೀಲಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಗೌಡರು ಉಜ್ಜಿದ ಕತ್ತಿಯೊಂದನ್ನು ಅದರಲ್ಲಿ ಅದ್ದಿ, ತುಸು ಹೊತ್ತು ಬಿಟ್ಟು ಎತ್ತಿದರು. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿತ್ತು. "ಸುಣ್ಣ ಸಾಲ್ದು." ಇನ್ನಷ್ಟು ಸುಣ್ಣದ ನೀರು ಹುಯ್ದು ಮತ್ತೆ ಅದ್ದಿದಾಗ ಅಲಗು ಬೆಳ್ಳಗೇ ಇತ್ತು. ಕಾಲಿಗೆ ತಳೆ ಹಾಕಿಕೊಂಡು ಕಾದಿದ್ದ ಕೊನೆಗಾರ ಪೈಪು ಎಳೆದುಕೊಂಡು ಸರಸರನೆ ಏರಿದ. ಒಂದು ಮರ ಮುಗಿಸಿ ಕೆಳಗಿಳಿಯಲಿಲ್ಲ. ಮರವನ್ನೇ ಬಾಗಿಸಿ, ಮುಂದಿನ ಮರವನ್ನು ಹಿಡಿದು ದಾಟಿಬಿಟ್ಟ. ಒದ್ದೆ ಮರಗಳ ನೆತ್ತಿಯಲ್ಲಿ ಆತನ ಜೀವವೆಲ್ಲ ಅಂಗೈ, ಅಂಗಾಲುಗಳ ಹಿಡಿತದಲ್ಲಿತ್ತು. ಆ ನೀಲಿಗೆ ತೆರುವ ನಿಜವಾದ ಬೆಲೆ ಅದು.

"ಕೊಳೆ ಹತ್ತಿದ ಕಾಯಿಗೆ ಇದು ಏನೂ ಮಾಡಲ್ಲ," ಎಂದಳು ಮಗಳು. ತಾಮ್ರ ಕಾಯಿಯ ಒಳಗೆ ಇಳಿಯುವುದಿಲ್ಲ. ಮೇಲೆ ಅಂಟಿ ಕೂತು, ಈಜಿ ಬಂದದ್ದು ಮೊಳೆಯುವ ಮೊದಲೇ ಅದನ್ನು ಕೊಲ್ಲುತ್ತದೆ. ಹಾಗಾಗಿಯೇ ಮೊದಲ ಔಷಧಿ ಮುಂಗಾರು ಹಿಡಿಯುವ ಮುಂಚೆಯೇ ಆಗಬೇಕು, ಎರಡನೆಯದು ನಲವತ್ತು, ನಲವತ್ತೈದು ದಿನದೊಳಗೆ. ಕೆಳಗೆ ಬಿದ್ದ ಕಾಯಿಗಳನ್ನು ಹೆಕ್ಕಿ ನಾಶಮಾಡಬೇಕು. ಬಸಿಗಾಲುವೆ ಕಟ್ಟಿಕೊಳ್ಳದಂತೆ ನೋಡಿಕೊಳ್ಳಬೇಕು.

ಮರುದಿನ ಆಗುಂಬೆ ದಾಟಿ ಶೃಂಗೇರಿ ಕಡೆ ಹೋದೆ. ದಾರಿಯುದ್ದಕ್ಕೂ ಎಲೆಚುಕ್ಕೆ ತಗಲಿ ಸುಟ್ಟಂತಿದ್ದ ಸೋಗೆಗಳು. ಶೃಂಗೇರಿ ಹತ್ತಿರದ ತೋಟದಲ್ಲಿ ಕಂಡದ್ದು ಕೊಳೆ, ಎಲೆಚುಕ್ಕೆ ಎರಡಕ್ಕಿಂತಲೂ ಕಠಿಣವಾದ ಹಳದಿ ಎಲೆ ರೋಗ. ಗರಿಗಳು ತುದಿಯಿಂದ ಹಳದಿಗೆ ತಿರುಗುತ್ತವೆ, ಕಾಯಿಯ ತಿರುಳು ಮೆತ್ತಗಾಗಿ ಕಪ್ಪಾಗುತ್ತದೆ. ರೋಗಾಣು ಮರದ ಆಹಾರನಾಳದಲ್ಲೇ ವಾಸಿಸುವುದರಿಂದ ಹೊರಗಿನಿಂದ ಎಷ್ಟು ಹೊಡೆದರೂ ತಲುಪುವುದಿಲ್ಲ. ಗೊಬ್ಬರ, ಬಸಿಗಾಲುವೆಗಳಿಂದ ಮರಕ್ಕೆ ತ್ರಾಣ ಕೊಡಬಹುದು, ಅಷ್ಟೆ. ಆದರೆ ಆ ಹಳದಿಯ ನಟ್ಟನಡುವೆ ಒಂದು ಮರ ಕಪ್ಪುಹಸಿರಾಗಿ, ಗೊನೆ ತುಂಬಿಕೊಂಡು ನಿಂತಿತ್ತು. ಇಂಥ ಮರಗಳನ್ನು ಹುಡುಕಿ, ಅವುಗಳಿಂದ ರೋಗ ತಡೆಯುವ ತಳಿ ಬೆಳೆಸಲು ವಿಜ್ಞಾನಿಗಳು ದುಡಿಯುತ್ತಿದ್ದಾರೆ. ತೋಟದ ಯಜಮಾನರು ಅಷ್ಟು ಕಾಯಲು ಸಿದ್ಧರಿರಲಿಲ್ಲ. ಆ ಮರದ ಗೋಟುಗಳನ್ನು ಬೀಜಕ್ಕೆ ಹಾಕಿ, ಬಾವಿಕಟ್ಟೆಯ ಪಕ್ಕ ಸಸಿ ಮಡಿ ಮಾಡಿದ್ದರು. "ತಾಯಿ ಗುಣ ಬರುತ್ತೋ ಇಲ್ವೋ, ಫಸಲು ಬರೋಕೇ ಆರೇಳು ವರ್ಷ ಬೇಕು," ಎನ್ನುತ್ತ ಎಳೆ ಸಸಿಯೊಂದರ ಸುಳಿ ಬಿಡಿಸಿ, ಒಳಗೆ ಹುಳು ಇದೆಯೇ ಎಂದು ನೋಡತೊಡಗಿದರು.